ಹೊಸಿಲು ದಾಟುವ ಮುನ್ನ ವಿಚಾರಿಸಿ!

ರಾಜೇಶ್ ಖನ್ನಾ ಅಭಿನಯದ ‘ಬಾವರ್ಚಿ’ (1972) ನೆನಪಿದೆಯಾ, ಓದುಗರೇ? ಹೃಷಿಕೇಶ್ ಮುಖರ್ಜಿ ನಿರ್ದೇಶಿಸಿದ ಚಿತ್ರ. ಯಾವ ಅಡಿಗೆಯವನೂ ನಿಲ್ಲದ ‘ಶಾಂತಿ ನಿವಾಸ’ಕ್ಕೆ ರಘು ತಾನಾಗಿಯೇ ಬಂದು ನಿಲ್ಲುತ್ತಾನೆ. ಅವನ ಪೂರ್ವಾಪರ ಕೆದಕುವ ವ್ಯವಧಾನ ಯಾರಿಗೂ ಇಲ್ಲ. ಒಲೆ ಹೊತ್ತಿದರೆ ಸಾಕು! ಕೊನೆಗೊಂದು ದಿನ ಒಡವೆ ಪೆಟ್ಟಿಗೆಯೂ ಇಲ್ಲ, ರಘುವೂ ಇಲ್ಲ. ನಿನ್ನೆವರೆಗೆ ಹೊಗಳಿದ ಬಾಯಿಗಳೇ ‘ಕಳ್ಳ’ ಅನ್ನುತ್ತವೆ. ಅವನು ಕಳ್ಳನಲ್ಲ ಅಂತ ಗೊತ್ತಾಗುವುದು ಕಡೇ ರೀಲಿನಲ್ಲಿ.

ಸಿನಿಮಾಕ್ಕೆ ಕಡೇ ರೀಲು ಅಂತ ಒಂದಿರುತ್ತೆ ಸ್ವಾಮಿ. ನಮ್ಮ ಬಾಳಿಗೆ?

ನನ್ನ ತಾಯಿ ನಾಲ್ಕು ಮನೆ ಪಾತ್ರೆ ತಿಕ್ಕಿ ನನ್ನನ್ನು ಪಿಯುಸಿವರೆಗೆ ಓದಿಸಿದವಳು. ಒಂದು ಮನೆಯಲ್ಲಿ ಉಂಗುರ ಕಾಣೆಯಾಯಿತು. ಆರು ವರ್ಷ ದುಡಿದಿದ್ದರೂ ಆ ಮನೆಯವರಿಗೆ ಅಮ್ಮನ ಪೂರ್ತಿ ಹೆಸರು ಗೊತ್ತಿರಲಿಲ್ಲ, ನಾವಿದ್ದ ಬೀದಿ ಗೊತ್ತಿರಲಿಲ್ಲ. ‘ಕಳ್ಳಿ’ ಅನ್ನಲು ಮಾತ್ರ ತಡವಾಗಲಿಲ್ಲ. ಮೂರನೇ ದಿನ ಉಂಗುರ ಅವರದೇ ದಿಂಬಿನ ಕವರಿನಲ್ಲಿ ಸಿಕ್ತು. “ತಪ್ಪು ತಿಳ್ಕೋಬೇಡಮ್ಮ, ನಾಳೆಯಿಂದ ಬಾ” ಅಂದರು. ಅಮ್ಮ ಹೋಗಲಿಲ್ಲ. ಆ ವರ್ಷವೇ ನಾನು ಕಾಲೇಜು ಬಿಟ್ಟೆ.

ಹಾಗಂತ ‘ವಿಚಾರಿಸಬೇಡಿ’ ಅನ್ನುವವನಲ್ಲ ನಾನು. ವಿಚಾರಿಸಿ! ಆದರೆ ಕೆಲಸಕ್ಕೆ ಸೇರಿಸುವ ದಿನವೇ, ಎದುರಿಗೆ ಕೂರಿಸಿಕೊಂಡು ವಿಚಾರಿಸಿ. ಹೆಸರು, ಊರು, ವಿಳಾಸ ಬರೆದಿಟ್ಟುಕೊಳ್ಳಿ. ಒಂದು ಫೋಟೊ ಇರಲಿ. ಹಿಂದೆ ಕೆಲಸ ಮಾಡಿದ ಮನೆಗೆ ಖುದ್ದಾಗಿ ಹೋಗಿ, ಯಾಕೆ ಬಿಟ್ಟರು ಅಂತ ಕೇಳಿ. ಆಧಾರ್ ಕಾರ್ಡು ಹೆಸರು ಹೇಳುತ್ತೆ, ನಡತೆ ಹೇಳೋಲ್ಲ. ಕರ್ನಾಟಕದಲ್ಲಿ ‘ಸೇವಾ ಸಿಂಧು’ ಮೂಲಕ ಅರ್ಜಿ ಹಾಕಿ ಮನೆಗೆಲಸದವರ ಪೊಲೀಸ್ ಪರಿಶೀಲನೆ ಮಾಡಿಸಬಹುದು. ವಯಸ್ಸನ್ನೂ ನೋಡಿ: 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರ ಅಕ್ಟೋಬರ್ 10ರಿಂದಲೇ ಕಾನೂನಿಗೆ ವಿರುದ್ಧ.

ಮೊದಲ ದಿನ ಕೇಳಿದರೆ ಯಾರಿಗೂ ಬೇಸರವಿಲ್ಲ. ಉಂಗುರ ಕಳೆದ ಮೇಲೆ ಕೇಳಿದರೆ, ಉತ್ತರ ಏನೇ ಬಂದರೂ ನೀವು ನಂಬುವುದಿಲ್ಲ. ಹತ್ತು ನಿಮಿಷ ವಿಚಾರಿಸಿಕೊಂಡಿದ್ದರೆ ನಿಮ್ಮ ಬೀರುವೂ ಭದ್ರ, ಅವರ ಮಾನವೂ ಭದ್ರ.

ಇನ್ನೊಂದು ಮಾತು. ಕೆಲಸಕ್ಕೆ ಬರುವವರೂ ನಿಮ್ಮ ಮನೆಯ ಬಗ್ಗೆ ನಾಲ್ಕು ಕಡೆ ವಿಚಾರಿಸಿದರೆ ಸಿಟ್ಟಾಗಬೇಡಿ. ‘ಶಾಂತಿ ನಿವಾಸ’ದಲ್ಲಿ ಅಡಿಗೆಯವರು ಯಾಕೆ ನಿಲ್ಲುತ್ತಿರಲಿಲ್ಲ ಅನ್ನೋದು ನಿಮಗೂ ಗೊತ್ತಲ್ಲ! ಏನಂತೀರಿ?