ತಂತಿಯನ್ನು ಕತ್ತರಿಸದೆ ಪ್ರವಾಹವನ್ನಳೆಯುವುದು

ಸುರಪುರದ ಕಡೆ ಕೃಷ್ಣೆಯ ದಡದಲ್ಲಿಯೂ ಯಾದಗಿರಿಯ ಬಳಿ ಭೀಮೆಯ ದಡದಲ್ಲಿಯೂ ನೀರೆತ್ತುವ ವಿದ್ಯುತ್ ಪಂಪುಗಳಿವೆ. ಮೂರು ತಂತಿಗಳಿಂದ ನಡೆಯುವ ಪಂಪಿಗೆ ಒಂದರಲ್ಲಿ ಪ್ರವಾಹವು ನಿಂತರೆ, ಉಳಿದೆರಡರಲ್ಲಿ ಅದು ಮಿತಿಮೀರಿ ಏರುತ್ತದೆ. ತಕ್ಕ ರಕ್ಷಣೆಯಿಲ್ಲದಿದ್ದರೆ ಒಳಗಿನ ಸುರುಳಿಯು ಸುಟ್ಟುಹೋಗಿ, ಬೆಳೆಗೆ ನೀರು ತಪ್ಪುವುದು. ಆದುದರಿಂದ ಒಂದೊಂದು ತಂತಿಯ ಪ್ರವಾಹವನ್ನೂ ಅರಿಯುವುದು ಅವಶ್ಯ. ತಂತಿಯನ್ನು ಕತ್ತರಿಸದೆ ಅದನ್ನು ಅರಿಯುವುದೆಂತು?

ಪ್ರವಾಹವುಳ್ಳ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ ಪಂಡಿತನು 1820ರಲ್ಲಿ ಪ್ರಕಟಿಸಿದನು. ಫ್ರಾನ್ಸಿನ ಆಂಪಿಯರ್, ಬಿಯೋ, ಸಾವಾರ್ ಇವರು ಅದಕ್ಕೆ ಗಣಿತದ ರೂಪವನ್ನು ಕೊಟ್ಟರು. ನೇರವಾದ ತಂತಿಯ ಸುತ್ತಲೂ ಕಾಂತಕ್ಷೇತ್ರವು ಬಳೆಗಳಂತೆ ಹಬ್ಬಿರುತ್ತದೆ. ಪ್ರವಾಹವು ಇಮ್ಮಡಿಯಾದರೆ ಕ್ಷೇತ್ರವೂ ಇಮ್ಮಡಿ, ದೂರವು ಇಮ್ಮಡಿಯಾದರೆ ಕ್ಷೇತ್ರವು ಅರ್ಧ. ಲೆಕ್ಕವು ಸುಲಭವಾದುದು: ಮೈಕ್ರೋಟೆಸ್ಲಾಗಳಲ್ಲಿ ಕ್ಷೇತ್ರವನ್ನೂ ಮೀಟರುಗಳಲ್ಲಿ ದೂರವನ್ನೂ ಗುಣಿಸಿ, ಬಂದುದನ್ನು ಐದರಿಂದ ಗುಣಿಸಿದರೆ ಆಂಪಿಯರುಗಳು ದೊರೆಯುತ್ತವೆ.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರದ ಸಮತಲ ಭಾಗವು ಸುಮಾರು 40 ಮೈಕ್ರೋಟೆಸ್ಲಾ. 12 ವೋಲ್ಟಿನ ಬ್ಯಾಟರಿಯಿಂದ 60 ವ್ಯಾಟಿನ ಎರಡು ದೀಪಗಳಿಗೆ ಹೋಗುವ ಹೊದಿಕೆಯ ತಂತಿಯನ್ನು ಉತ್ತರ ದಕ್ಷಿಣವಾಗಿ ನೇರ ಎಳೆದು, ಅದರ ಕೆಳಗೆ 5 ಸೆಂಟಿಮೀಟರಿನಲ್ಲಿ ದಿಕ್ಸೂಚಿಯನ್ನಿಡೋಣ. ಹಿಂದಿರುಗುವ ತಂತಿಯೂ ಕಬ್ಬಿಣವೂ ದೂರವಿರಲಿ. ಮುಳ್ಳು ಸುಮಾರು 45 ಅಂಶ ಹೊರಳುವುದು. ಎಂದರೆ ತಂತಿಯ ಕ್ಷೇತ್ರವು ಭೂಮಿಯದಕ್ಕೆ ಸಮ. 40, 0.05, 5 ಇವುಗಳ ಗುಣಲಬ್ಧ 10 ಆಂಪಿಯರ್. 120 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೂ ಬರುವುದು ಅದೇ ಹತ್ತು.

ಪಂಪಿನ ಪ್ರವಾಹವಾದರೋ ಸೆಕೆಂಡಿಗೆ 50 ಆವರ್ತಗಳಷ್ಟು ಹಿಂದುಮುಂದಾಗುವುದರಿಂದ ಮುಳ್ಳು ಅದನ್ನು ಅನುಸರಿಸಲಾರದೆ ನಿಂತಲ್ಲಿಯೇ ನಿಲ್ಲುತ್ತದೆ. ಅದಕ್ಕಾಗಿ ಇಕ್ಕಳದಂತೆ ಬಾಯಿ ತೆರೆಯುವ ಕ್ಲ್ಯಾಂಪ್ ಮೀಟರ್ ಇದೆ. ಮುಚ್ಚಿದ ಬಳೆಯೊಂದರ ಉದ್ದಕ್ಕೂ ಕ್ಷೇತ್ರವನ್ನು ಕೂಡಿಸುತ್ತ ಬಂದರೆ, ಮೊತ್ತವು ಬಳೆಯೊಳಗಿನ ಪ್ರವಾಹವನ್ನು ಮಾತ್ರ ಅವಲಂಬಿಸುವುದೆಂಬುದು ಆಂಪಿಯರನ ನಿಯಮ. ಆದಕಾರಣ ಇಲ್ಲಿ ದೂರವನ್ನಳೆಯುವ ತೊಡಕಿಲ್ಲ.

ಆದರೆ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಇಕ್ಕಳವು ಒಂದೇ ತಂತಿಯನ್ನು ಹಿಡಿಯಬೇಕು. ದೀಪಕ್ಕೆ ಹೋಗುವ ತಂತಿಯನ್ನೂ ಮರಳುವ ತಂತಿಯನ್ನೂ ಒಟ್ಟಿಗೆ ಹಿಡಿದರೆ ಎರಡರ ಕ್ಷೇತ್ರಗಳೂ ಪರಸ್ಪರ ಅಳಿಸಿ ಸೊನ್ನೆಯನ್ನು ತೋರುವುವು. ಒಂದನ್ನೇ ಹಿಡಿದಾಗಲೂ ಸೊನ್ನೆಯು ಅಭಯವಾಕ್ಯವಲ್ಲ. ಪ್ರವಾಹವಿಲ್ಲದ ತಂತಿಯಲ್ಲಿಯೂ ಪ್ರಾಣಹಾರಕವಾದ ವೋಲ್ಟೇಜು ಇರಬಹುದು. ಮುಟ್ಟಿದ ಕೈಯೇ ಆಗ ಪ್ರವಾಹಕ್ಕೆ ದಾರಿಯಾಗುವುದು. ಕ್ಷೇತ್ರವು ಪ್ರವಾಹದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ತಂತಿಯನ್ನು ಮುಟ್ಟಲು ಅನುಜ್ಞೆಯನ್ನು ಕೊಡುವುದಿಲ್ಲ.