ಶಾಂತವೇರಿ ಗೋಪಾಲಗೌಡ

ಶಾಂತವೇರಿ ಗೋಪಾಲಗೌಡ (ಮಾರ್ಚ್ 14, 1923 – ಜೂನ್ 9, 1972) ಕರ್ನಾಟಕದ ಸಮಾಜವಾದಿ ನಾಯಕರು ಹಾಗೂ ಮೈಸೂರು ವಿಧಾನಸಭೆಗೆ ಮೂರು ಬಾರಿ ಆಯ್ಕೆಯಾದ ಶಾಸಕರು. ಎಂದೂ ಮಂತ್ರಿಯಾಗದೆ ವಿರೋಧ ಪಕ್ಷದಲ್ಲೇ ಉಳಿದ ಇವರು ಎತ್ತಿ ಹಿಡಿದ ಎರಡು ಬೇಡಿಕೆಗಳು ಇವರ ನಿಧನಾನಂತರ ರಾಜ್ಯದ ಕಾನೂನಾದವು.

ಆರಂಭಿಕ ಜೀವನ

ಇವರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನವರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆವಾಸ ಅನುಭವಿಸಿದರು. ಮುಂದೆ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಂದ ಪ್ರಭಾವಿತರಾಗಿ ಸಮಾಜವಾದಿ ಪಕ್ಷವನ್ನು ಮಲೆನಾಡಿನಲ್ಲಿ ಕಟ್ಟಿದರು.

ಕಾಗೋಡು ಸತ್ಯಾಗ್ರಹ

ಗೇಣಿದಾರರು ಭತ್ತದ ರೂಪದಲ್ಲಿ ಭೂಮಾಲೀಕರಿಗೆ ಗೇಣಿ ಅಳೆಯುತ್ತಿದ್ದರು. ಅಳತೆಯ ಕೊಳಗ ದೊಡ್ಡದಾದಷ್ಟೂ ರೈತನ ಪಾಲು ಕಡಿಮೆಯಾಗುತ್ತಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಈ ಅನ್ಯಾಯದ ವಿರುದ್ಧ ಎಚ್. ಗಣಪತಿಯಪ್ಪ ಅವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದು ನಿಂತರು. ಸಮಾಜವಾದಿ ಪಕ್ಷದ ಪರವಾಗಿ ಗೋಪಾಲಗೌಡರು ಈ ಹೋರಾಟಕ್ಕೆ ನಾಯಕತ್ವ ನೀಡಿದರು. ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದುದರಿಂದ ಸತ್ಯಾಗ್ರಹವು ದೇಶದ ಗಮನ ಸೆಳೆಯಿತು.

ಶಾಸಕರಾಗಿ

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದರು. 1957ರಲ್ಲಿ ಸೋತರೂ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಆಯ್ಕೆಯಾದರು. ಚುನಾವಣೆಯ ಖರ್ಚಿಗೆ ಶ್ರೀಮಂತರನ್ನು ಆಶ್ರಯಿಸದೆ, ಮತ ಕೇಳಿದ ಮನೆಗಳಿಂದಲೇ ಅಲ್ಪಸ್ವಲ್ಪ ಹಣವನ್ನೂ ಕೇಳುತ್ತಿದ್ದರು. ಉಳುವವನೇ ಭೂಮಿಯ ಒಡೆಯನಾಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು ಎಂಬುದು ಸದನದಲ್ಲಿ ಇವರ ನಿರಂತರ ವಾದವಾಗಿತ್ತು. 1956ರಲ್ಲಿ ಏಕೀಕೃತ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಉಳಿದಾಗ, ಅದು ಕರ್ನಾಟಕವೆಂದಾಗಬೇಕೆಂದು ಒತ್ತಾಯಿಸಿದವರಲ್ಲಿ ಇವರು ಪ್ರಮುಖರು.

ನಿಧನ ಮತ್ತು ಪರಂಪರೆ

ಅನಾರೋಗ್ಯದಿಂದ ಬಳಲಿದ ಗೋಪಾಲಗೌಡರು ತಮ್ಮ 49ನೆಯ ವಯಸ್ಸಿನಲ್ಲಿ ನಿಧನರಾದರು. ಮರುವರ್ಷ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಗೊಳಿಸಿ ಗೇಣಿದಾರರಿಗೆ ಒಡೆತನದ ಹಕ್ಕು ನೀಡಿತು. ಎರಡೂ ಕಾರ್ಯಗಳು ನಡೆದದ್ದು ಇವರು ಸದನದಲ್ಲಿ ಎದುರಿಸುತ್ತಿದ್ದ ಕಾಂಗ್ರೆಸ್ ಪಕ್ಷದ ಆಡಳಿತದಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಹಾಗೂ ಕಾಗೋಡು ತಿಮ್ಮಪ್ಪ ಇದೇ ಸಮಾಜವಾದಿ ಪರಂಪರೆಯಿಂದ ಬಂದ ರಾಜಕಾರಣಿಗಳು.

ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ನಾಯಕ ಕೃಷ್ಣಪ್ಪಗೌಡನ ಪಾತ್ರಕ್ಕೆ ಗೋಪಾಲಗೌಡರ ಜೀವನ ಪ್ರೇರಣೆಯಾಗಿದೆ. ಬೆಂಗಳೂರಿನ ವಿಧಾನಸೌಧದ ಸಮೀಪದ ವೃತ್ತವೊಂದಕ್ಕೆ ಇವರ ಹೆಸರಿಡಲಾಗಿದೆ.