ಸುಶ್ರುತಸಂಹಿತೆಯ ಮುಖರೋಗಪ್ರಕರಣದಲ್ಲಿ ರೋಗನಿರ್ಣಯಕ್ರಮ

ಸುಶ್ರುತಸಂಹಿತೆಯ ನಿದಾನಸ್ಥಾನದ 16ನೆಯ ಅಧ್ಯಾಯದಲ್ಲಿ ಮುಖರೋಗಗಳ ಲಕ್ಷಣವೂ, ಚಿಕಿತ್ಸಾಸ್ಥಾನದ 22ನೆಯ ಅಧ್ಯಾಯದಲ್ಲಿ ಅವುಗಳ ಪ್ರತೀಕಾರವೂ ನಿರೂಪಿತವಾಗಿವೆ. ತುಟಿಗಳಲ್ಲಿ 8, ದಂತಮೂಲಗಳಲ್ಲಿ 15, ದಂತಗಳಲ್ಲಿ 8, ನಾಲಗೆಯಲ್ಲಿ 5, ತಾಲುವಿನಲ್ಲಿ 9, ಕಂಠದಲ್ಲಿ 17, ಬಾಯನ್ನೆಲ್ಲ ವ್ಯಾಪಿಸತಕ್ಕವು 3, ಒಟ್ಟು 65. ಈ ಗಣನೆಯನ್ನು ಕಂಡವರು ಇದೊಂದು ಬರಿಯ ನಾಮಾವಳಿಯೆಂದೂ, ವಾತಾದಿ ದೋಷಗಳನ್ನು ಹಚ್ಚಿ ರೋಗಗಳನ್ನು ವಿಭಾಗಿಸುವ ವಾಡಿಕೆಯೇ ಇಲ್ಲಿಯೂ ನಡೆದಿದೆಯೆಂದೂ ಭಾವಿಸುವುದುಂಟು. ಈ ಭಾವನೆಯು ಪೂರ್ಣವಾಗಿ ಸಾಧುವಲ್ಲ. ನಾಲಗೆಯ ಕೆಳಗೆ ಹುಟ್ಟುವ ಎರಡು ಬಾವುಗಳ ಲಕ್ಷಣವನ್ನು ಹೋಲಿಸಿದರೆ ಇದು ವಿಶದವಾಗುವುದು.

ಮೊದಲನೆಯದು ಉಪಜಿಹ್ವಿಕೆ. ಇದು ನಾಲಗೆಯ ತುದಿಯಂತೆ ತೋರುವ ಬಾವು. ನಾಲಗೆಯನ್ನು ಮೇಲಕ್ಕೆತ್ತಿ ಬೆಳೆಯುತ್ತದೆ. ಜೊಲ್ಲು, ತುರಿಕೆ, ಉರಿ ಇವು ಅನುಬಂಧಗಳು. ಎರಡನೆಯದು ಅಲಾಸ. ಇದು ನಾಲಗೆಯ ತಳದಲ್ಲಿ ಆಳವಾಗಿ ನಾಟಿಕೊಂಡ ಬಾವು, ಬಲಿತಾಗ ನಾಲಗೆ ಅಲುಗದಂತೆ ಸ್ತಂಭಿಸುತ್ತದೆ, ಬುಡವು ಪಾಕಗೊಳ್ಳುತ್ತದೆ. ಮೊದಲನೆಯದನ್ನು ಕೆರೆದು ಕ್ಷಾರವನ್ನು ಲೇಪಿಸಬೇಕೆಂದು ವಿಧಿ. ಎರಡನೆಯದು ಅಸಾಧ್ಯಗಳ ಪಟ್ಟಿಯಲ್ಲಿದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಎರಡಕ್ಕೂ ಹೇಳಿರುವ ಮೂಲವು ಒಂದೇ, ಕಫ ಮತ್ತು ರಕ್ತ. ಆದಕಾರಣ ಸಾಧ್ಯಾಸಾಧ್ಯವಿವೇಕವನ್ನು ಇಲ್ಲಿ ದೋಷವು ಕೊಡಲಾರದು. ಬಾವು ಮೇಲೆ ನಿಂತಿದೆಯೋ ಆಳಕ್ಕಿಳಿದಿದೆಯೋ, ನಾಲಗೆ ಆಡುತ್ತದೆಯೋ ಇಲ್ಲವೋ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿಯೇ ವೈದ್ಯನು ತಿಳಿಯಬೇಕು.

ಉಪಜಿಹ್ವಿಕೆಯನ್ನು ಪಾಶ್ಚಾತ್ಯ ವೈದ್ಯದ ರಾನುಲ ಎಂಬ ರೋಗದೊಡನೆ ಸಮೀಕರಿಸುವುದು ಯುಕ್ತವಾಗಿ ತೋರುತ್ತದೆ. ಆ ಲ್ಯಾಟಿನ್ ಪದಕ್ಕೆ ಸಣ್ಣ ಕಪ್ಪೆಯೆಂದು ಅರ್ಥ. ಅವರಿಗೆ ಕಪ್ಪೆಯಾಗಿ ಕಂಡದ್ದು ಇವರಿಗೆ ಮರಿನಾಲಗೆಯಾಗಿ ಕಂಡಿತು. ಇದು ನಾಲಗೆಯಡಿಯ ಲಾಲಾಗ್ರಂಥಿಯಿಂದ ಸೋರಿದ ರಸವು ಕೂಡಿಕೊಂಡು ಆಗುವುದು. ಮೇಲೆ ಕೆರೆದಷ್ಟಕ್ಕೆ ಮರುಕಳಿಸುವ ಸಂಭವವಿರುವುದರಿಂದ ಇಂದಿನ ಶಸ್ತ್ರವೈದ್ಯರು ಹಲವು ವೇಳೆ ಆ ಗ್ರಂಥಿಯನ್ನೇ ತೆಗೆಯುತ್ತಾರೆ. ಅಲಾಸದ ವಿಷಯವು ಇಷ್ಟು ಸುಲಭವಲ್ಲ. ಜರ್ಮನ್ ವೈದ್ಯನಾದ ಲುಡ್ವಿಗ್ 1836ರಲ್ಲಿ ವರ್ಣಿಸಿದ, ಬಹುಮಟ್ಟಿಗೆ ಕೆಳದವಡೆಯ ಹಲ್ಲಿನಿಂದ ಹೊರಟು ಬಾಯ ತಳವನ್ನು ಹಿಡಿದು ಉಸಿರನ್ನು ಕಟ್ಟುವ ಸೋಂಕಿಗೂ, ಅದೇ ಸ್ಥಳದ ಅರ್ಬುದಕ್ಕೂ ಈ ಲಕ್ಷಣಗಳು ಹೊಂದುತ್ತವೆ. ಒಂದು ಕೆಲವು ದಿನಗಳ ರೋಗ; ಇನ್ನೊಂದು ತಿಂಗಳುಗಳದು. ಬೆಳವಣಿಗೆಯ ಕಾಲವನ್ನು ಅಲಾಸಲಕ್ಷಣದಲ್ಲಿ ಹೇಳಿಲ್ಲವಾದ್ದರಿಂದ ನಿಘಂಟುಕಾರರು ಒಂದೇ ಪದವನ್ನು ಎದುರಿಗೆ ಬರೆದು ಮುಗಿಸುವುದು ಸಾಹಸವೇ ಸರಿ. ತಾಲುವಿನ ಕಚ್ಛಪವೆಂಬ ರೋಗದಲ್ಲಾದರೋ ಆಮೆಯ ಬೆನ್ನಿನಂತಹ ಉಬ್ಬು, ನೋವಿಲ್ಲದಿರುವಿಕೆ, ನಿಧಾನವಾಗಿ ಹುಟ್ಟುವಿಕೆ ಈ ಮೂರನ್ನೂ ಹೇಳಿದೆ. ಇಂತಹ ಉಬ್ಬಿನಲ್ಲಿ ನೋವಿಲ್ಲವೆಂಬುದು ಅಭಯಕ್ಕೆ ಕಾರಣವಲ್ಲ; ಇಂದು ಅದರ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಸೌಮ್ಯವೋ ಘಾತುಕವೋ ಎಂದು ನಿರ್ಧರಿಸುವರು.

ದವಡೆಯ ವಿಚಾರದಲ್ಲಿ ಸಂಹಿತೆಯ ಮಾತು ಇನ್ನೂ ಕಟುವಾಗಿದೆ. ಯಾವ ಹಲ್ಲಿನ ಬುಡದಲ್ಲಿ ನಾಡೀವ್ರಣವಾಗುವುದೋ ಆ ಹಲ್ಲನ್ನು ಕಿತ್ತು, ಶೋಧಿಸಿ, ಸುಡಬೇಕು. ಉಪೇಕ್ಷಿಸಿದರೆ ಕೀವಿನ ದಾರಿಯು ಹನ್ವಸ್ಥಿಯನ್ನು ನಿಶ್ಚಯವಾಗಿ ಭೇದಿಸುವುದು. ಸತ್ತ ಹಲ್ಲಿನ ಕೀವು ಎಲುಬನ್ನು ಕೊರೆದು ಗದ್ದದ ಅಥವಾ ಕೆನ್ನೆಯ ಚರ್ಮದಲ್ಲಿ ಬಾಯಿ ತೆರೆಯುವುದನ್ನು ಇಂದಿನವರೂ ಕಾಣುತ್ತಾರೆ. ಅದನ್ನು ಚರ್ಮದ ಕುರುವೆಂದು ಭ್ರಮಿಸಿ ಮುಲಾಮು ಹಚ್ಚುತ್ತ ಕಾಲ ಕಳೆಯುವವರೂ ಉಂಟು. ಹಲ್ಲನ್ನು ಕಿತ್ತರೆ, ಇಲ್ಲವೆ ಅದರ ಬೇರಿನ ನಾಳವನ್ನು ಶುದ್ಧಿಪಡಿಸಿದರೆ ಆ ವ್ರಣವು ಸಾಮಾನ್ಯವಾಗಿ ತಾನಾಗಿ ಮುಚ್ಚುತ್ತದೆ. ಮೇಲಿನ ಹಲ್ಲನ್ನು ಮಾತ್ರ, ಅದು ಅಲುಗುತ್ತಿದ್ದರೂ ಕೀಳಕೂಡದೆಂದು ಸಂಹಿತೆಯ ನಿಷೇಧ. ರಕ್ತಾತಿಸ್ರಾವದಿಂದ ಕಾಣತ್ವ, ಅರ್ದಿತ ಮುಂತಾದವು ಸಂಭವಿಸುವುವೆಂದು ಕಾರಣ ಕೊಟ್ಟಿದೆ. ಇದು ಇಂದು ಗ್ರಾಹ್ಯವಲ್ಲ. ವರ್ಧನವೆಂಬ ಹೆಚ್ಚಿನ ಹಲ್ಲು ಹೊರಬಂದ ಮೇಲೆ ನೋವು ಶಮಿಸುವುದೆಂದು ಲಕ್ಷಣ. 1895ರಲ್ಲಿ ಕಂಡುಹಿಡಿಯಲ್ಪಟ್ಟ ಕ್ಷ-ಕಿರಣದಿಂದ ದವಡೆಯೊಳಗೇ ಅದನ್ನು ಕಾಣಬಹುದಾಗಿದೆ.

ಅಸಾಧ್ಯವೆಂದು ಹೇಳಿದ ಮುಖರೋಗಗಳು 19. ಅವುಗಳ ವಿಷಯದಲ್ಲಿ ಬರುವ ‘ಪ್ರತ್ಯಾಖ್ಯಾಯ’ ಎಂಬ ಪದಕ್ಕೆ ‘ನಿರಾಕರಿಸಿ’ ಎಂಬ ಕೋಶಾರ್ಥವನ್ನೇ ಹಿಡಿದರೆ ರೋಗಿಯನ್ನು ಕೈಬಿಡಬೇಕೆಂಬ ತಾತ್ಪರ್ಯ ಬರುವುದು. ಆದರೆ ಅದು ಲ್ಯಬಂತಾವ್ಯಯ. ವಾಕ್ಯದ ಮುಖ್ಯಕ್ರಿಯೆ ‘ಸಮಾಚರೇತ್’, ಅದರ ಕರ್ಮ ಚಿಕಿತ್ಸೆ. ಗುಣವಾಗದೆಂದು ಮೊದಲು ತಿಳಿಯಹೇಳಿ, ಅನಂತರ ಚಿಕಿತ್ಸೆಯನ್ನು ನಡೆಸತಕ್ಕದ್ದೆಂಬುದೇ ಅಲ್ಲಿಯ ವಿಧಿ.